ಉಪ್ಪು ಬಿಸ್ಕತ್ತಿಗೆ ಬೆಣ್ಣೆ ಮರೆಯಬೇಡಿ
ಗ್ಲಾಸಿನಲ್ಲಿ ಉಪ್ಪು ಬಿಸ್ಕತ್ತಿನ ಪುಡಿ, ಕ್ರೀಮ್, ಕ್ಯಾರಮೆಲ್ ಪದರ ಹಾಕುವ ಈ ಸಿಹಿ ನನಗಿಷ್ಟ. ಒಲೆ ಮುಂದೆ ಜಾಸ್ತಿ ನಿಲ್ಲಬೇಕಿಲ್ಲ ಅಲ್ವಾ! ಆದರೆ ಬರೀ ಪುಡಿ ಹಾಕಿದರೆ ಕ್ರೀಮಿನ ನೀರು ಹೀರಿಕೊಂಡು ಮೆತ್ತಗಾಗುತ್ತದೆ. 100 ಗ್ರಾಂ ಮೊನ್ಯಾಕೊದಂಥ ಉಪ್ಪು ಬಿಸ್ಕತ್ತಿನ ಪುಡಿಗೆ ಸುಮಾರು 40 ಗ್ರಾಂ ಕರಗಿಸಿದ ಬೆಣ್ಣೆ ಕಲಸಿ, ತಳಕ್ಕೆ ಒತ್ತಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಪುಡಿ ತೀರಾ ನುಣ್ಣಗೆ ಬೇಡ. ಅಲ್ಲೊಂದು ಇಲ್ಲೊಂದು ಚೂರು ಹಲ್ಲಿಗೆ ಸಿಗಬೇಕು. ಬೆಣ್ಣೆ ಮಾತ್ರ ಉಪ್ಪಿಲ್ಲದ್ದೇ ಇರಲಿ, ಬಿಸ್ಕತ್ತಿನ ಉಪ್ಪೇ ಸಾಕು.

ಕ್ಯಾರಮೆಲ್ ಬದಲು ನಾವು ಜೋನಿ ಬೆಲ್ಲಕ್ಕೆ (ಗಟ್ಟಿಯಾಗದ, ಪಾಕದಂತಿರುವ ಬೆಲ್ಲ) ಒಂದು ಚಮಚ ಬೆಣ್ಣೆ, ಚಿಟಿಕೆ ಉಪ್ಪು ಹಾಕಿ ಎರಡು ಕುದಿ ಬರಿಸುತ್ತೇವೆ. ಸಕ್ಕರೆ ಸೀದುಹೋಗುವ ಭಯವಿಲ್ಲ. ಪೂರ್ತಿ ಆರಿದ ಮೇಲೆಯೇ ಸುರಿಯಿರಿ, ಬಿಸಿ ಇದ್ದರೆ ಕ್ರೀಮ್ ಕರಗಿ ಪದರವೆಲ್ಲ ಒಂದಾಗುತ್ತದೆ. ಮೇಲೆ ಹುರಿದ ಕಡಲೆಬೀಜ ಉದುರಿಸಿದರೆ ಇನ್ನೂ ರುಚಿ.