ಕ್ಲಿಪ್ಪರ್ ರ‍್ಯಾಕ್ ಮಾಡುವವರೇ, ಒಂದು ಸಲ ಮಷೀನು ವಾಪಸ್ ಇಟ್ಟು ನೋಡಿ

ಇವತ್ತು ಬೆಳಿಗ್ಗೆ ನಮ್ಮ ಸಲೂನಿನಲ್ಲಿ ಮತ್ತೆ ಒಂದು ಕ್ಲಿಪ್ಪರ್, ಅಂದರೆ ಕೂದಲು ಕತ್ತರಿಸುವ ಮಷೀನು ಬಿತ್ತು.

ನನ್ನ ಜೊತೆ ಕೆಲಸ ಮಾಡುವ ಹುಡುಗ ಆಸೆಪಟ್ಟು ಮಷೀನುಗಳನ್ನು ಇಡಲು ಹೊಸ ರ‍್ಯಾಕ್ ತರಿಸಿದ್ದ. ಕಪ್ಪು ಅಕ್ರಿಲಿಕ್, ಆರು ತೂತು, ಕೆಳಗೆ ನೀಲಿ ಲೈಟು. ನಿನ್ನೆ ಸಂಜೆ ಗೋಡೆಗೆ ಅಂಟಿಸಿದ. ಇವತ್ತು ಮೂರನೇ ತಲೆ ಮಾಡುತ್ತಿದ್ದಾಗ ಮಷೀನು ವಾಪಸ್ ಇಡಲು ಕೈ ಚಾಚಿದ. ಕಣ್ಣು ಕನ್ನಡಿ ಮೇಲೆ, ಎಡಗೈ ಕೂತವರ ತಲೆ ಮೇಲೆ. ಬಲಗೈ ತೂತು ಹುಡುಕಿತು, ಸಿಗಲಿಲ್ಲ, ಅಂಚಿಗೆ ತಾಗಿ ಜಾರಿತು. ಸದ್ದು ಕೇಳಿದ ಕೂಡಲೇ ನನಗೆ ಗೊತ್ತಾಯಿತು, ಬ್ಲೇಡ್ ಕಡೆಯಿಂದಲೇ ಬಿದ್ದಿದೆ ಅಂತ.

ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ನಿಂತ ಬ್ಲೇಡಿನ ಬಲತುದಿಯ ಒಂದು ಹಲ್ಲು ಇಲ್ಲ. ಓಡುವ ಬ್ಲೇಡು ಒಂದು ಕೂದಲೆಳೆಯಷ್ಟು ಮುಂದೆ ಸರಿದು ಓರೆಯಾಗಿ ಕೂತಿದೆ. ಈ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕ್ಲಿಪ್ಪರಿನಲ್ಲಿ ಎರಡು ಬ್ಲೇಡು ಇರುತ್ತವೆ. ಒಂದು ಅಲುಗಾಡುವುದಿಲ್ಲ, ಚರ್ಮಕ್ಕೆ ತಾಗುವುದು ಅದೇ. ಇನ್ನೊಂದು ಅದರ ಮೇಲೆ ಆಚೆ ಈಚೆ ಓಡುತ್ತದೆ. ಓಡುವ ಬ್ಲೇಡಿನ ಹಲ್ಲು ಯಾವಾಗಲೂ ಸ್ವಲ್ಪ ಹಿಂದೆ ಇರಬೇಕು. ಅದು ಮುಂದೆ ಬಂತೋ, ಕೂದಲಿನ ಜೊತೆ ಚರ್ಮವನ್ನೂ ಹಿಡಿಯುತ್ತದೆ. ಅಷ್ಟು ಸಣ್ಣ ಅಂತರದ ಮೇಲೆ ನಿಂತಿರುವ ವಸ್ತುವನ್ನು ಇಡುವುದಕ್ಕೆ ನೀಲಿ ಲೈಟಿನ ತೂತು ಮಾಡಿ ಕೊಟ್ಟಿದ್ದಾರೆ. ನನಗೆ ಸಿಟ್ಟು ಬಂದದ್ದು ಹುಡುಗನ ಮೇಲೆ ಅಲ್ಲ. ಅವನು ಸರಿಯಾಗಿಯೇ ಕೆಲಸ ಮಾಡುತ್ತಿದ್ದ. ಸಿಟ್ಟು ಆ ರ‍್ಯಾಕ್ ನಕ್ಷೆ ಬರೆದ ಕೈ ಮೇಲೆ.

ನಿಮಗೆಲ್ಲ ಗೊತ್ತೇ ಇದೆ, ನಾನು ಮಷೀನು ಹಿಡಿದು ಇಪ್ಪತ್ತು ವರ್ಷ ದಾಟಿತು. ಒಂದು ತಲೆ ಮುಗಿಸುವಷ್ಟರಲ್ಲಿ ಎಷ್ಟು ಸಲ ಮಷೀನು ಕೆಳಗಿಡುತ್ತೇನೆ ಅಂತ ಒಂದು ದಿನ ಕೂತು ಎಣಿಸಿದ್ದೆ. ಹನ್ನೊಂದು ಸಲ. ಬದಿಗೆ ದೊಡ್ಡ ಮಷೀನು, ಕುತ್ತಿಗೆಗೆ ಟ್ರಿಮ್ಮರ್, ಮಧ್ಯೆ ಬಾಚಣಿಗೆ, ಕತ್ತರಿ, ಮತ್ತೆ ಮಷೀನು. ಹನ್ನೊಂದು ಸಲದಲ್ಲಿ ಒಂದು ಸಲವೂ ನಾನು ರ‍್ಯಾಕ್ ಕಡೆ ನೋಡುವುದಿಲ್ಲ, ನೋಡಲೂಬಾರದು. ಕಣ್ಣು ತಲೆ ಮೇಲೇ ಇರಬೇಕು. ಹಾಗಾಗಿ ಕ್ಲಿಪ್ಪರ್ ರ‍್ಯಾಕ್ ಮಾಡುವವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ನೋಡದೆ, ಒಂದೇ ಕೈಯಲ್ಲಿ, ಕೂದಲು ಮೆತ್ತಿದ ಕೈಯಲ್ಲಿ, ಇನ್ನೂ ಓಡುತ್ತಿರುವ ಮಷೀನನ್ನು ಇಲ್ಲಿ ವಾಪಸ್ ಇಡಲು ಆಗುತ್ತದಾ? ಮಿಕ್ಕಿದ್ದೆಲ್ಲ ಆಮೇಲೆ.

ಈ ತೂತಿನ ರ‍್ಯಾಕ್ ನೋಡಿ. ವೈರ್ ಇರುವ ಮಷೀನನ್ನು ಮುಚ್ಚಿದ ತೂತಿಗೆ ಇಳಿಸಬೇಕು ಅಂದರೆ ಪ್ಲಗ್ ಕಿತ್ತು, ವೈರನ್ನು ಮೇಲಿನಿಂದ ಪೋಣಿಸಿ, ಕೆಳಗಿನಿಂದ ಎಳೆದು, ಮತ್ತೆ ಪ್ಲಗ್ ಹಾಕಬೇಕು. ಒಮ್ಮೆ ಪೋಣಿಸಿದ ಮೇಲೆ ಆ ವೈರ್ ತೂತಿನಲ್ಲೇ ಇರುತ್ತದೆ. ಮಷೀನು ತೆಗೆದಾಗಲೆಲ್ಲ ವೈರ್ ಅಂಚಿಗೆ ಉಜ್ಜುತ್ತದೆ. ಮಷೀನಿನ ಬಾಲದ, ಅಂದರೆ ವೈರ್ ಹೊರಬರುವ ತುದಿಯ ಹತ್ತಿರ ವೈರ್ ಒಂದೇ ಕಡೆ ಮಡಚಿ ಮಡಚಿ ಒಳಗಿನ ತಾಮ್ರದ ಎಳೆ ಒಂದೊಂದಾಗಿ ತುಂಡಾಗುತ್ತದೆ. ಆಮೇಲೆ ಮಷೀನು ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ. ಎಲ್ಲರೂ ಮೋಟಾರು ಹೋಯಿತು ಅಂದುಕೊಳ್ಳುತ್ತಾರೆ. ತೂತಿನ ಮುಂಭಾಗ ತೆರೆದೇ ಬಿಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಅರ್ಧ ನಿಮಿಷದ ಗರಗಸದ ಕೆಲಸ ಅದು!

ಇನ್ನೊಂದು, ಬ್ಲೇಡು ಮೇಲೆ. ಮಾರುವ ರ‍್ಯಾಕ್‌ಗಳಲ್ಲಿ ಜಾಸ್ತಿ ಎಲ್ಲವೂ ಮಷೀನನ್ನು ಬ್ಲೇಡು ಮೇಲಾಗಿ ನಿಲ್ಲಿಸುತ್ತವೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ನಾವು ಬ್ಲೇಡಿಗೆ ಎಣ್ಣೆ ಹಾಕುತ್ತೇವೆ. ಮಷೀನು ಓಡುವಾಗಲೇ ಎರಡು ಮೂರು ಹನಿ. ಬ್ಲೇಡು ಮೇಲಾಗಿ ನಿಂತರೆ ಹೆಚ್ಚಾದ ಎಣ್ಣೆ ಎಲ್ಲಿಗೆ ಹೋಗುತ್ತದೆ? ಸೀದಾ ಒಳಗೆ, ಮೋಟಾರಿನ ಕಡೆ. ಜೊತೆಗೆ ಪುಡಿಕೂದಲನ್ನೂ ಕರೆದುಕೊಂಡು ಹೋಗುತ್ತದೆ. ಒಂದು ಹಳೆ ಮಷೀನಿನ ಹೊಟ್ಟೆ ಬಿಚ್ಚಿ ನೋಡಿ, ಎಣ್ಣೆ ಮತ್ತು ಕೂದಲು ಸೇರಿ ಕಪ್ಪು ಮುದ್ದೆಯಾಗಿ ಕೂತಿರುತ್ತದೆ. ಬ್ಲೇಡು ಕೆಳಮುಖವಾಗಿ ಇರಬೇಕು. ಹಾಗಂತ ಬ್ಲೇಡಿನ ಮೇಲೆ ನಿಲ್ಲಿಸಲೂಬಾರದು, ಹಲ್ಲು ಹೋಗುತ್ತದೆ. ಬ್ಲೇಡು ಕೆಳಗಿರಬೇಕು, ಏನಕ್ಕೂ ತಾಗದೆ ಗಾಳಿಯಲ್ಲಿ ಇರಬೇಕು. ಇದು ಕಷ್ಟದ ಮಾತು ಅಂತ ನನಗೂ ಗೊತ್ತು. ಹೆಚ್ಚಿನ ಮಷೀನುಗಳು ಬ್ಲೇಡಿನ ಹತ್ತಿರ ಅಗಲ, ಬಾಲದ ಕಡೆ ಸಣ್ಣ. ತಲೆಕೆಳಗಾಗಿ ತೂಗುಹಾಕಿದರೆ ಸೀಳಿನಲ್ಲಿ ನಿಲ್ಲುವುದಿಲ್ಲ, ಜಾರಿಬಿಡುತ್ತವೆ. ರ‍್ಯಾಕ್ ಮಾಡುವವರು ಯೋಚಿಸಬೇಕಾದದ್ದು ಇಲ್ಲೇ ಅಲ್ವಾ? ಲೈಟಿನ ಬಣ್ಣದ ಬಗ್ಗೆ ಅಲ್ಲ.

ಕೆಲವರು ಹೇಳುತ್ತಾರೆ, ಮಷೀನಿನ ಬಾಲದಲ್ಲಿ ಕೊಕ್ಕೆ ಕೊಟ್ಟಿದ್ದಾರಲ್ಲ, ಗೋಡೆಗೆ ಒಂದು ಮೊಳೆ ಹೊಡೆದು ನೇತುಹಾಕಿ, ಮುಗಿಯಿತು ಅಂತ. ಸರಿ, ಬ್ಲೇಡು ಕೆಳಗೆ ಬರುತ್ತದೆ, ಗಾಳಿಯಲ್ಲೂ ಇರುತ್ತದೆ. ಆದರೆ ಆ ಕೊಕ್ಕೆ ಕಿರುಬೆರಳಿನ ಉಗುರಿನಷ್ಟು. ನೋಡದೆ ಅದನ್ನು ಮೊಳೆಗೆ ಸಿಕ್ಕಿಸಿ ತೋರಿಸಿ. ಅರ್ಧ ಕೆಜಿಗಿಂತ ಜಾಸ್ತಿ ತೂಗುವ ಮಷೀನು ತೂಗಾಡಿ ಗೋಡೆಗೆ ಬಡಿಯುತ್ತದೆ, ಬಡಿಯುವುದೂ ಬ್ಲೇಡೇ. ದಿನದ ಕೆಲಸ ಮುಗಿದ ಮೇಲೆ ನೇತುಹಾಕಲು ಕೊಕ್ಕೆ ಚೆನ್ನಾಗಿದೆ. ಕೆಲಸದ ನಡುವೆ ಆಗುವುದಿಲ್ಲ.

ಇನ್ನು ಬ್ಯಾಟರಿ ಮಷೀನು ಬಂದಿದೆಯಲ್ಲ, ವೈರಿನ ತಲೆನೋವು ಯಾಕೆ ಅನ್ನುವವರು. ನನ್ನ ಹತ್ತಿರವೂ ಎರಡು ಬ್ಯಾಟರಿಯವು ಇವೆ. ಬಿದ್ದರೆ ಅವುಗಳ ಹಲ್ಲೂ ಮುರಿಯುತ್ತದೆ. ಅವುಗಳ ಚಾರ್ಜಿಂಗ್ ಸ್ಟ್ಯಾಂಡ್ ಕೂಡ ಬ್ಲೇಡು ಮೇಲಾಗಿಯೇ ನಿಲ್ಲಿಸುತ್ತದೆ. ಕೆಳಗಿನ ಎರಡು ಲೋಹದ ಚುಕ್ಕಿಗಳ ಮೇಲೆ ಪುಡಿಕೂದಲು, ಎಣ್ಣೆ ಕೂತು ರಾತ್ರಿಯೆಲ್ಲ ಇಟ್ಟರೂ ಚಾರ್ಜ್ ಆಗಿರುವುದಿಲ್ಲ. ಲಿಥಿಯಂ ಬ್ಯಾಟರಿಗೆ ಬಿಸಿ ಒಗ್ಗುವುದಿಲ್ಲ. ಕೆಲಸ ಮಾಡಿ ಬಿಸಿಯಾದ ಮಷೀನನ್ನು ಗಾಳಿಯಾಡದ ಬಟ್ಟಲಿನಲ್ಲಿ ಕೂರಿಸಿ ಚಾರ್ಜಿಗೆ ಹಾಕಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ವೈರ್ ಹೋದ ಮಾತ್ರಕ್ಕೆ ರ‍್ಯಾಕಿನ ಸಮಸ್ಯೆ ಹೋಗಿಲ್ಲ.

ಈಗ ಒಂದು ಮಾತು ಹೇಳಿಬಿಡುತ್ತೇನೆ. ಇದನ್ನು ನಾನು ಎಲ್ಲೂ ಬರೆದಿಲ್ಲ. ತುಂಬಾ ವರ್ಷದ ಹಿಂದೆ ನನ್ನ ಕೈಯಿಂದಲೂ ಹೀಗೇ ಮಷೀನು ಬಿತ್ತು. ಜನ ಕಾಯುತ್ತಿದ್ದರು. ಎತ್ತಿ, ಹಲ್ಲು ಮುರಿದಿಲ್ಲ ಅಂತ ನೋಡಿ, ಕೆಲಸ ಮುಂದುವರಿಸಿದೆ. ಬ್ಲೇಡು ಸರಿದಿದೆಯಾ ಅಂತ ನೋಡಲಿಲ್ಲ. ಕೂತಿದ್ದದ್ದು ಐದಾರು ವರ್ಷದ ಮಗು. ಕಿವಿಯ ಹಿಂದೆ, ಕೂದಲು ಮುಗಿಯುವ ಗೆರೆಯಲ್ಲಿ, ಅಕ್ಕಿಕಾಳಿನಷ್ಟು ಉದ್ದದ ಗಾಯ. ದೊಡ್ಡದಲ್ಲ. ಅದರ ಅಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. ಆ ಮಗು ಮಾತ್ರ ಮುಂದಿನ ಸಲ ಬಂದಾಗ ಮಷೀನಿನ ಸದ್ದು ಕೇಳಿದ ಕೂಡಲೇ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಿತು. ಅವತ್ತು ಪೂರ್ತಿ ಕತ್ತರಿಯಲ್ಲೇ ಮುಗಿಸಿದೆ. ತಪ್ಪು ನನ್ನದೇ, ರ‍್ಯಾಕಿನದು ಅಂತ ಹೇಳಿ ಜಾರಿಕೊಳ್ಳುವುದಿಲ್ಲ. ಆದರೆ ಮಷೀನು ಬೀಳದೇ ಇದ್ದಿದ್ದರೆ ಆ ಕ್ಷಣವೇ ಬರುತ್ತಿರಲಿಲ್ಲ ಅನ್ನುವುದನ್ನೂ ಮರೆಯಲು ಆಗುವುದಿಲ್ಲ.

ಕರೆಂಟಿನ ಕ್ಲಿಪ್ಪರ್ ಇವತ್ತು ನಿನ್ನೆಯದಲ್ಲ. ಅಮೆರಿಕದ ಲಿಯೋ ವಾಲ್ ತನ್ನ ಕ್ಲಿಪ್ಪರಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1919ರಲ್ಲಿ. ನೂರು ವರ್ಷ ದಾಟಿತು. ಮೋಟಾರು ಬದಲಾಯಿತು, ಬ್ಲೇಡಿನ ಉಕ್ಕು ಬದಲಾಯಿತು, ಬ್ಯಾಟರಿ ಬಂತು. ಅದನ್ನು ಇಡುವ ಜಾಗದ ಬಗ್ಗೆ ಮಾತ್ರ ಯಾರೂ ಕೂತು ಯೋಚಿಸಿದ ಹಾಗೆ ಕಾಣುವುದಿಲ್ಲ.

ಸುಮ್ನೆ ಬೈದು ಕೂರುವುದು ಬೇಡ ಅಂತ ಕಳೆದ ಕೆಲವು ತಿಂಗಳಿಂದ ನಾನೇ ಒಂದು ರ‍್ಯಾಕ್ ಮಾಡುತ್ತಿದ್ದೇನೆ. ಮೊದಲು ರಟ್ಟಿನಲ್ಲಿ ಮಾಡಿದೆ. ಆಮೇಲೆ ಗೆಳೆಯರೊಬ್ಬರು ತ್ರೀಡಿ ಪ್ರಿಂಟರಿನಲ್ಲಿ ಮಾಡಿಕೊಟ್ಟರು. ಅದು ಪಿಎಲ್ಎ ಪ್ಲಾಸ್ಟಿಕ್, 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮರೆತು ಬಿಟ್ಟಿದ್ದೆ, ಸಂಜೆ ನೋಡಿದರೆ ಬಾಗಿ ಹೋಗಿತ್ತು. ಸ್ಟೀಲ್ ತಗಡು ನೋಡಿದೆ, ಅಂಚು ವೈರಿನ ಸಿಪ್ಪೆ ಕೊಯ್ಯುತ್ತದೆ, ಬೇಡ ಅನಿಸಿತು. ಕಡೆಗೆ ಸಿಕ್ಕಿದ್ದು ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆಯ ಹಾಳೆ, ಎಚ್‌ಡಿಪಿಇ, 12 ಮಿಲಿಮೀಟರ್ ದಪ್ಪ. ಮರ ಕೊಯ್ಯುವ ಗರಗಸದಲ್ಲೇ ಕೊಯ್ಯಬಹುದು. ನೀರು ಕುಡಿಯುವುದಿಲ್ಲ. ದಿನಾ ಔಷಧಿ ನೀರಲ್ಲಿ ಒರೆಸಿದರೂ ಏನೂ ಆಗುವುದಿಲ್ಲ. ಉಕ್ಕಿಗಿಂತ ಮೆತ್ತಗೆ ಇರುವುದರಿಂದ ಬ್ಲೇಡು ತಾಗಿದರೂ ಹಲ್ಲು ಉಳಿಯುತ್ತದೆ. ಅಂಟು ಮಾತ್ರ ಹಿಡಿಯುವುದಿಲ್ಲ, ಎಲ್ಲ ಸ್ಕ್ರೂ ಹಾಕಿಯೇ ಜೋಡಿಸಬೇಕು.

ನನ್ನ ರ‍್ಯಾಕಿನಲ್ಲಿ ಮಷೀನು ನೆಟ್ಟಗೆ ನಿಲ್ಲುವುದಿಲ್ಲ, ಮಲಗುತ್ತದೆ. ಬಾಲ ನನ್ನ ಕಡೆ, ಬ್ಲೇಡು ಗೋಡೆ ಕಡೆ. ಮಲಗುವ ಹಾಸು 10 ಸೆಂಟಿಮೀಟರ್ ಆಳ. ಮಷೀನು ಸುಮಾರು 16. ಹಾಗಾಗಿ ಬಾಲ ಮುಂದೆ ಸ್ವಲ್ಪ ಚಾಚಿರುತ್ತದೆ, ಬ್ಲೇಡು ಹಿಂದೆ ಗಾಳಿಯಲ್ಲಿರುತ್ತದೆ. ಹಾಸು ಗೋಡೆ ಕಡೆಗೆ 15 ಡಿಗ್ರಿ ಇಳಿಜಾರು, ಆದ್ದರಿಂದ ಎಣ್ಣೆ ಬ್ಲೇಡಿನ ಕಡೆಗೇ ಇಳಿಯುತ್ತದೆ. ಜಾರದಿರಲು ಹಾಸಿನ ಮೇಲೆ ಸಿಲಿಕೋನ್ ಪಟ್ಟಿ ಇದೆ. ವೈರ್ ಬಾಲದಿಂದ ನೇರ ಕೆಳಗೆ ಬೀಳುತ್ತದೆ, ಪೋಣಿಸುವುದು ಇಲ್ಲವೇ ಇಲ್ಲ. ಆ ವೈರಿನ ತೂಕವೇ ಮಷೀನನ್ನು ಮುಂದಕ್ಕೆ ಎಳೆದು ಹಿಡಿಯುತ್ತದೆ, ಇದು ನಾನು ಲೆಕ್ಕ ಹಾಕಿದ್ದಲ್ಲ, ಮಾಡಿದ ಮೇಲೆ ಕಂಡದ್ದು. ಮೊದಲು 25 ಡಿಗ್ರಿ ಇಟ್ಟಿದ್ದೆ. ಆಫ್ ಇದ್ದಾಗ ಗಟ್ಟಿಯಾಗಿ ಕೂತ ಮಷೀನು, ಆನ್ ಮಾಡಿದ ಕೂಡಲೇ ಮೆಲ್ಲಗೆ ತೆವಳಿಕೊಂಡು ಗೋಡೆ ಕಡೆ ಹೊರಟಿತು! ಮ್ಯಾಗ್ನೆಟ್ ಮೋಟಾರಿನ ಮಷೀನು 50 ಹರ್ಟ್ಜ್ ಕರೆಂಟಿನಲ್ಲಿ ನಿಮಿಷಕ್ಕೆ 6,000 ಸಲ ಹೊಡೆದುಕೊಳ್ಳುತ್ತದೆ, 60 ಹರ್ಟ್ಜ್ ಇದ್ದಲ್ಲಿ 7,200 ಸಲ. ಆ ನಡುಕದಲ್ಲಿ ಯಾವ ಹಿಡಿತವೂ ಸಡಿಲವೇ. ಅದಕ್ಕೇ ಹೇಳುವುದು, ಆನ್ ಮಾಡಿ ಇಟ್ಟು ನೋಡಿ ಅಂತ.

ಎರಡು ಮಷೀನಿನ ನಡುವೆ ಬೆರಳಿಗೆ ಜಾಗ ಬೇಕು. ಮೈ ಅಗಲ ಸುಮಾರು 5 ಸೆಂಟಿಮೀಟರ್, ಆದರೆ ನಾನು ನಡುವಿನಿಂದ ನಡುವಿಗೆ 10 ಬಿಟ್ಟಿದ್ದೇನೆ. ಮಾರುವ ರ‍್ಯಾಕ್‌ಗಳಲ್ಲಿ ಆರೇಳು ಸೆಂಟಿಮೀಟರಿಗೆ ಒಂದೊಂದು ತುರುಕಿರುತ್ತಾರೆ, ಒಂದನ್ನು ತೆಗೆಯಲು ಹೋದರೆ ಪಕ್ಕದ್ದು ಅಲುಗಾಡುತ್ತದೆ. ಹಾಸಿನ ಎಡಬದಿಯ ಅಂಚು ಗಿಡ್ಡ ಇರಬೇಕು, ಯಾಕೆಂದರೆ ಬ್ಲೇಡು ಹಿಂದೆ ಮುಂದೆ ಮಾಡುವ ಲಿವರ್ ಆ ಕಡೆಯೇ ಇರುವುದು. ಲಿವರ್ ಅಂಚಿಗೆ ತಾಗಿ ಸರಿದರೆ, ಮತ್ತೆ ಕೈಗೆತ್ತಿಕೊಂಡಾಗ ನಾನು ಬಿಟ್ಟಿದ್ದ ಅಳತೆ ಇರುವುದಿಲ್ಲ. ವೆಲ್ವೆಟ್ ಬಟ್ಟೆ ಅಂತೂ ದಯವಿಟ್ಟು ಬೇಡ. ಒಬ್ಬರ ಕುತ್ತಿಗೆಯ ಕೂದಲು ಇನ್ನೊಬ್ಬರ ಕುತ್ತಿಗೆಗೆ ಹೋಗುವ ದಾರಿ ಅದು. ತೊಳೆಯಲು ಆಗದ ಯಾವುದೂ ರ‍್ಯಾಕಿನಲ್ಲಿ ಇರಬಾರದು.

ಗೋಡೆಗೆ ಹಿಡಿಸುವುದೂ ರ‍್ಯಾಕಿನ ಭಾಗವೇ. ಡಬಲ್ ಟೇಪ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ನಾಲ್ಕು ಮಷೀನು, ರ‍್ಯಾಕು ಎಲ್ಲ ಸೇರಿ 3 ಕೆಜಿ ಅಂತಲೇ ಇಟ್ಟುಕೊಳ್ಳಿ. ಆ ತೂಕ ಗೋಡೆಯಿಂದ 10 ಸೆಂಟಿಮೀಟರ್ ಮುಂದೆ ಇದೆ. ಗೋಡೆಗೆ ತಾಗುವ ಹಿಂದಿನ ಪಟ್ಟಿ ಗಿಡ್ಡ ಇದ್ದು ಸ್ಕ್ರೂ ಕೆಳಅಂಚಿನಿಂದ 3 ಸೆಂಟಿಮೀಟರ್ ಮೇಲಿದ್ದರೆ ಗೋಡೆಯಿಂದ ಕಿತ್ತುಕೊಳ್ಳುವ ಎಳೆತ 10 ಕೆಜಿಯಷ್ಟು. ಅದೇ ಪಟ್ಟಿ ಎತ್ತರ ಮಾಡಿ ಸ್ಕ್ರೂವನ್ನು 15 ಸೆಂಟಿಮೀಟರ್ ಮೇಲೆ ಹಾಕಿದರೆ 2 ಕೆಜಿ. ಅಷ್ಟೇ ಲೆಕ್ಕ. ಅರ್ಧ ಗೇಣು ಜಾಸ್ತಿ ಹಾಳೆ ಹಾಕಲು ಮನಸ್ಸಿಲ್ಲದೆ ಟೇಪಿನ ಮೇಲೆ ಭಾರ ಹಾಕುತ್ತಾರೆ.

ಗಾರ್ಡ್‌ಗಳಿಗೆ, ಅಂದರೆ ಕೂದಲು ಎಷ್ಟು ಉದ್ದ ಉಳಿಯಬೇಕೋ ಅದಕ್ಕೆ ತಕ್ಕಂತೆ ಬ್ಲೇಡಿಗೆ ಸಿಕ್ಕಿಸುವ ಬಾಚಣಿಗೆಗಳಿಗೆ, ಕೆಳಗೆ ಒಂದು ಸಾಲು ಮಾಡಿದ್ದೇನೆ. 1 ಅಂದರೆ 3 ಮಿಲಿಮೀಟರ್, 2 ಅಂದರೆ 6, 4 ಅಂದರೆ 13, 8 ಅಂದರೆ 25. ಒಂದೊಂದಕ್ಕೆ ಒಂದೊಂದೇ ಜಾಗ, ನಂಬರ್ ಕೊರೆದಿದೆ. ಖಾಲಿ ಜಾಗ ನೋಡಿದರೆ ಮಷೀನಿನಲ್ಲಿ ಈಗ ಯಾವ ಗಾರ್ಡ್ ಇದೆ ಅಂತ ತಿಳಿಯುತ್ತದೆ.

ಇವತ್ತು ಮಧ್ಯಾಹ್ನ ಆ ಹುಡುಗನನ್ನು ನನ್ನ ರ‍್ಯಾಕಿನ ಮುಂದೆ ನಿಲ್ಲಿಸಿ ಕಣ್ಣು ಮುಚ್ಚು ಅಂದೆ. ಮಷೀನು ಕೈಗೆ ಕೊಟ್ಟೆ, ಆನ್ ಮಾಡಿದೆ, ಇಡು ಅಂದೆ. ಮೊದಲ ಸಲ ಬೆರಳು ಅಂಚನ್ನು ತಡಕಿತು. ಎರಡನೇ ಸಲ ನೇರ ಹೋಗಿ ಕೂತಿತು. ಹತ್ತು ಸಲ ಇಡಿಸಿದೆ, ಒಂದೂ ಬೀಳಲಿಲ್ಲ. ಕಣ್ಣು ಬಿಟ್ಟು, ಅಣ್ಣಾ ನನಗೂ ಒಂದು ಮಾಡಿಕೊಡಿ ಅಂದ. ಅವನ ನೀಲಿ ಲೈಟಿನ ರ‍್ಯಾಕನ್ನು ಇಬ್ಬರೂ ಸೇರಿ ಗೋಡೆಯಿಂದ ತೆಗೆದೆವು. ಟೇಪ್ ಆಗಲೇ ಮೇಲಿನ ಅಂಚಲ್ಲಿ ಎದ್ದಿತ್ತು.

ಹಾಳೆ ತಂದಿಟ್ಟಿದ್ದೇನೆ, ಭಾನುವಾರ ಕೊಯ್ಯುತ್ತೇನೆ. ನಮ್ಮಲ್ಲೇ ಇನ್ನೊಬ್ಬರು ಎಡಗೈಯಲ್ಲಿ ಕೆಲಸ ಮಾಡುತ್ತಾರೆ, ಅವರಿಗೂ ಒಂದು ಬೇಕಂತೆ. ಎಡಗೈಯವರು ಮಷೀನು ಇಡುವಾಗ ಬೆರಳು ಲಿವರಿನ ಕಡೆಯೇ ಬರುತ್ತದೆ, ಆ ಬದಿಗೆ ಎಷ್ಟು ಜಾಗ ಬಿಡಬೇಕು ಅಂತ ನನ್ನ ಕೈಗೆ ಗೊತ್ತಾಗುತ್ತಿಲ್ಲ. ಇಲ್ಲಿ ಎಡಗೈಯವರು ಯಾರಾದರೂ ಇದ್ದರೆ ಮಷೀನು ಹಿಡಿದು ಒಂದು ಫೋಟೋ ಹಾಕಿ. ಇಡುವ ಹೊತ್ತಿನದು ಬೇಕು, ಕೈ ಮೇಲಿನಿಂದ ಕಾಣುವ ಹಾಗೆ.