200 ಹಾಕಬೇಡ, 100 ಹಾಕು

ಲ್ಯಾಬ್‌ನಿಂದ ಬಂದು ನಾಲ್ಕು ತಾಸಾಯ್ತು, ಸಿಟ್ಟು ಇನ್ನೂ ಇಳಿದಿಲ್ಲ. ಬರೆಯದಿದ್ದರೆ ನಿದ್ದೆ ಬರಲ್ಲ.

ನಾನು ಶಿವಮೊಗ್ಗದಲ್ಲಿ ಬಿಸಿಎ ಓದುತ್ತಿದ್ದೇನೆ. ಮನೆ ಮಂಡಗದ್ದೆಯಿಂದ ಇನ್ನೂ ಒಳಗೆ. ದಿನಾ ತೀರ್ಥಹಳ್ಳಿ ಬಸ್ಸಲ್ಲಿ ಓಡಾಟ. ಈ ಸೆಮಿಸ್ಟರ್ ಗ್ರಾಫಿಕ್ಸ್ ಲ್ಯಾಬ್ ಇದೆ. ಟರ್ಬೋ ಸಿ++ 3.0ದಲ್ಲೇ ಮಾಡಬೇಕು. ನಾವು ಬರೆದ ಪ್ರೋಗ್ರಾಂ ಅನ್ನು ಕಂಪ್ಯೂಟರ್‌ಗೆ ಅರ್ಥವಾಗುವ ಹಾಗೆ ತಿರುಗಿಸುವ, 1990ರ ದಶಕದ ಶುರುವಿನ ಕಂಪೈಲರ್ ಅದು, ನಾನು ಹುಟ್ಟುವ ಎಷ್ಟೋ ವರ್ಷ ಮೊದಲಿನದು. 16 ಬಿಟ್‌ನದ್ದು. ಈಗಿನ 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದೇ ಇಲ್ಲ. ಅದಕ್ಕೆ ಹಳೇ ಡಾಸ್ ಪ್ರೋಗ್ರಾಂಗಳನ್ನು ಓಡಿಸುವ ಡಾಸ್‌ಬಾಕ್ಸ್ ಹಾಕಿ, ಅದರೊಳಗೆ ಇದನ್ನು ಓಡಿಸಬೇಕು.

ಒಂದು ಮಾತು ಮೊದಲೇ ಹೇಳುತ್ತೇನೆ. ಆ ಹಳೇ ಕಂಪೈಲರ್ ಮೇಲೆ ನನಗೆ ಸಿಟ್ಟಿಲ್ಲ. ಪರದೆಯಲ್ಲಿ 640 ಚುಕ್ಕೆ ಅಡ್ಡ, 480 ಚುಕ್ಕೆ ಉದ್ದ, 16 ಬಣ್ಣ, ಅಷ್ಟೇ. ಒಂದೊಂದೇ ಚುಕ್ಕೆ ಇಟ್ಟು ಗೆರೆ ಎಳೆಯುವುದನ್ನು ಅದರಲ್ಲಿ ಕಲಿತಷ್ಟು ಚೆನ್ನಾಗಿ ಬೇರೆ ಕಡೆ ಕಲಿಯುವುದು ಕಷ್ಟ. ಮೊದಲ ಸಲ ಕಪ್ಪು ಪರದೆ ಮೇಲೆ ನಾನೇ ಲೆಕ್ಕ ಹಾಕಿದ ಗೆರೆ ಬಂದಾಗ ಎಷ್ಟು ಖುಷಿಯಾಗಿತ್ತು ಗೊತ್ತಾ? ಸಿಟ್ಟು ಇರುವುದು ಕಲಿಸುವ ರೀತಿಯ ಮೇಲೆ.

ಶುರುವಿಂದಲೇ ಹೀಗೆ. ಮೊದಲ ವಾರ, ಗ್ರಾಫಿಕ್ಸ್ ಶುರು ಮಾಡುವ ಇನಿಟ್‌ಗ್ರಾಫ್ ಫಂಕ್ಷನ್‌ಗೆ ಗ್ರಾಫಿಕ್ಸ್ ಫೈಲ್‌ಗಳಿರುವ ಬಿಜಿಐ ಫೋಲ್ಡರ್‌ನ ದಾರಿ ಕೊಡುವಾಗ ಸಣ್ಣಕ್ಷರದಲ್ಲಿ ಟಿಸಿ, ಬಿಜಿಐ ಅಂತ ಬರೆದು ಮುಂದೆ ಒಂದೊಂದೇ ಬ್ಯಾಕ್‌ಸ್ಲ್ಯಾಶ್ ಹಾಕಿದ್ದೆ. 'ಗ್ರಾಫಿಕ್ಸ್ ನಾಟ್ ಇನಿಶಿಯಲೈಸ್ಡ್' ಅಂತ ಬಂತು. "ಎರಡು ಸ್ಲ್ಯಾಶ್ ಹಾಕಮ್ಮ" ಅಂದರು ಸರ್. ಯಾಕೆ ಎರಡು? ಯಾರೂ ಹೇಳಲಿಲ್ಲ. ಒಂದೇ ಹಾಕಿದರೆ ಟಿ ಜೊತೆ ಸೇರಿ ಅದು ಟ್ಯಾಬ್ ಆಗುತ್ತದೆ, ಬಿ ಜೊತೆ ಸೇರಿದರೆ ಬ್ಯಾಕ್‌ಸ್ಪೇಸ್ ಆಗುತ್ತದೆ. ಹೇಳೋಕೆ ಅರ್ಧ ನಿಮಿಷ ಸಾಕು. ಇಡೀ ಕ್ಲಾಸ್ ಇವತ್ತಿಗೂ ಎರಡು ಸ್ಲ್ಯಾಶ್ ಅನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿಕೊಂಡಿದೆ.

ಈಗ ಈ ವಾರದ್ದು. ಮಿಡ್‌ಪಾಯಿಂಟ್ ಅನ್ನುವ ವಿಧಾನದಲ್ಲಿ ಎಲಿಪ್ಸ್, ಅಂದರೆ ಅಂಡಾಕಾರ, ಬಿಡಿಸುವ ಪ್ರೋಗ್ರಾಂ. ಸೀನಿಯರ್‌ಗಳ ಲ್ಯಾಬ್ ರೆಕಾರ್ಡ್ ಪುಸ್ತಕದಲ್ಲಿ ಅಡ್ಡ ತ್ರಿಜ್ಯ 100, ಉದ್ದದ್ದು 60 ಇತ್ತು. ಚೆನ್ನಾಗಿಯೇ ಬಂತು. ಸ್ವಲ್ಪ ದೊಡ್ಡದು ಮಾಡೋಣ ಅಂತ 200, 100 ಕೊಟ್ಟೆ. ಪರದೆಯ ನಡುವೆ ನೆಟ್ಟಗೆ ಒಂದು ಗೆರೆ ನಿಂತಿತು, ಗದ್ದೆಯಲ್ಲಿ ಕೋಲು ಊರಿದ ಹಾಗೆ. ಎಲಿಪ್ಸ್ ಇಲ್ಲವೇ ಇಲ್ಲ.

ಸರ್‌ಗೆ ತೋರಿಸಿದೆ. ನೋಡಿದರು. "200 ಯಾಕೆ ಹಾಕ್ತೀಯ? 100 ಹಾಕು. ರೆಕಾರ್ಡ್‌ನಲ್ಲಿ ಇರೋದು ಅದೇ ಅಲ್ವಾ?" ಅಂದರು. ಪಕ್ಕದ ಸಾಲಿಗೆ ಹೋದರು.

ಎರಡು ಸಂಜೆ ಅದರ ಹಿಂದೆ ಬಿದ್ದೆ. ನಮ್ಮ ಕಡೆ ಪುಷ್ಯ ಮಳೆ ಬಿಡದೆ ಹೊಯ್ಯುತ್ತಿದೆ. ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳುವ ಹಾಗಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ಮುಗಿಯುವುದರೊಳಗೆ ಮಾಡಬೇಕು. ಫೋನ್‌ಗೆ ಸಿಗ್ನಲ್ ಬೇಕಾದರೆ ಕೊಡೆ ಹಿಡಿದು ಮನೆ ಹಿಂದಿನ ದರೆ ಹತ್ತಬೇಕು. ಕೊನೆಗೆ ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದೆ. ಎಲಿಪ್ಸ್ ಲೆಕ್ಕಕ್ಕೆ ತ್ರಿಜ್ಯದ ವರ್ಗ ಬೇಕು; 200ರ ವರ್ಗ ಎಷ್ಟು ಬರುತ್ತಿದೆ ಅಂತ ಪ್ರೋಗ್ರಾಂನಿಂದಲೇ ಪ್ರಿಂಟ್ ಮಾಡಿಸಿದೆ. 40000 ಬರಬೇಕು. ಬಂದದ್ದು ಮೈನಸ್ 25536.

ಆಗ ಹೊಳೆಯಿತು. ಇದರಲ್ಲಿ ಪೂರ್ಣಾಂಕ ಇಡುವ ಇಂಟ್ ಅಂದರೆ 2 ಬೈಟ್, ಅಂದರೆ 16 ಬಿಟ್. 32767 ದಾಟಿದರೆ ಮೈನಸ್ ಕಡೆ ತಿರುಗಿಬಿಡುತ್ತದೆ. 40000ದಲ್ಲಿ 65536 ಕಳೆದರೆ ಸರಿಯಾಗಿ ಮೈನಸ್ 25536. ವರ್ಗವನ್ನು ಇಟ್ಟುಕೊಳ್ಳುವ ಜಾಗವನ್ನು, ಇನ್ನೂ ದೊಡ್ಡ ಸಂಖ್ಯೆ ಹಿಡಿಯುವ ಲಾಂಗ್ ಅಂತಲೇ ಬರೆದಿದ್ದೆ. ಆದರೆ ಗುಣಿಸುವ ಎರಡೂ ಇಂಟ್. ಗುಣಾಕಾರ 16 ಬಿಟ್‌ನಲ್ಲೇ ನಡೆದು, ಅಲ್ಲೇ ಕೆಟ್ಟು, ಆಮೇಲೆ ಲಾಂಗ್‌ಗೆ ಬಂದು ಬೀಳುತ್ತದೆ. ಕೊಳೆ ಬಂದ ಅಡಿಕೆಯನ್ನು ದೊಡ್ಡ ಚೀಲಕ್ಕೆ ತುಂಬಿದರೆ ಅದು ಒಳ್ಳೆ ಅಡಿಕೆ ಆಗುತ್ತದಾ? ಚುಕ್ಕೆಗಳನ್ನು ಒಂದೊಂದಾಗಿ ಇಡುವ ಲೂಪ್‌ಗಳು ಈ ಪ್ರೋಗ್ರಾಂನಲ್ಲಿ ಎರಡು. ವರ್ಗ ಮೈನಸ್ ಆದ ಕೂಡಲೇ ಮೊದಲ ಲೂಪ್ ಒಳಗೆ ಹೋಗುವುದೇ ಇಲ್ಲ. ಎರಡನೇ ಲೂಪ್‌ನಲ್ಲಿ ಅಡ್ಡದ ಎಕ್ಸ್ ಸೊನ್ನೆಯಲ್ಲೇ ನಿಂತು ಉದ್ದದ ವೈ ಮಾತ್ರ ಇಳಿಯುತ್ತದೆ. ಅದೇ ಆ ನೆಟ್ಟನೆ ಗೆರೆ. 181ರ ತನಕ ಸರಿ ಬರುತ್ತದೆ, ಅದರ ವರ್ಗ 32761. 182 ಹಾಕಿದರೆ ಕೆಡುತ್ತದೆ. ತ್ರಿಜ್ಯವನ್ನೇ ಲಾಂಗ್ ಮಾಡಿದೆ. 200ರ ಎಲಿಪ್ಸ್ ಗುಂಡಗೆ ಬಂದು ಕೂತಿತು.

ಇಂಟ್ ಎಷ್ಟು ಬೈಟ್ ಅಂತ ವೈವಾದಲ್ಲಿ ಪ್ರತಿ ಸಲ ಕೇಳುತ್ತಾರೆ. 2 ಅನ್ನದಿದ್ದರೆ ಮಾರ್ಕ್ಸ್ ಇಲ್ಲ. ಆ 2 ಬೈಟ್ ಯಾಕೆ ಮುಖ್ಯ ಅಂತ ಕಣ್ಣಿಗೆ ಕಾಣಿಸುವ ಪ್ರೋಗ್ರಾಂ ಅವರ ಮುಂದೆಯೇ ಇತ್ತು. ಅದನ್ನು ಮುಚ್ಚಿಬಿಡು ಅಂದರು!

ಇವತ್ತು ಅದನ್ನೇ ರೆಕಾರ್ಡ್‌ನಲ್ಲಿ ಬರೆದುಕೊಂಡು ಹೋದೆ. ಪೆನ್ಸಿಲ್‌ನಲ್ಲಿ ಎರಡೂ ಔಟ್‌ಪುಟ್ ಬರೆದು, ಪಕ್ಕದಲ್ಲಿ ಲೆಕ್ಕ ಹಾಕಿದ್ದೆ. ಸೈನ್ ಹಾಕಲಿಲ್ಲ. "ಎಲ್ಲರದ್ದೂ ಒಂದೇ ತರ ಇರಬೇಕು, ಮತ್ತೆ ಬರ್ಕೊಂಡು ಬಾ" ಅಂತ ಆ ಎರಡು ಹಾಳೆಗೆ ಕೆಂಪು ಪೆನ್‌ನಲ್ಲಿ ಅಡ್ಡ ಗೆರೆ ಎಳೆದರು. ಓದಲೂ ಇಲ್ಲ. ಓದಿ ತಪ್ಪು ಅಂದಿದ್ದರೂ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಹೋದ ತಿಂಗಳೂ ಇದೇ ಕಥೆ. ಗೆರೆಯೊಳಗೆ ಬಣ್ಣ ತುಂಬುವ ಬೌಂಡರಿ ಫಿಲ್ ಪ್ರೋಗ್ರಾಂನಲ್ಲಿ ದೊಡ್ಡ ಚೌಕಕ್ಕೆ ಬಣ್ಣ ತುಂಬಿಸಲು ಹೋದರೆ ಹ್ಯಾಂಗ್ ಆಯ್ತು. ಫಂಕ್ಷನ್ ತನ್ನನ್ನೇ ತಾನು ಕರೆಯುತ್ತಾ ಹೋಗುತ್ತದೆ, ಆ ಕರೆಗಳನ್ನು ನೆನಪಿಟ್ಟುಕೊಳ್ಳುವ ಜಾಗ, ಅಂದರೆ ಸ್ಟ್ಯಾಕ್, ಟರ್ಬೋ ಸಿಯಲ್ಲಿ ಸುಮ್ನೆ ಬಿಟ್ಟರೆ 4096 ಬೈಟ್ ಮಾತ್ರ. ಆಗ ಸಿಕ್ಕ ಉತ್ತರ, "ಚೌಕ ಚಿಕ್ಕದು ಮಾಡು."

ಅಪ್ಪಯ್ಯ ಹೋದ ವರ್ಷ ಅಡಿಕೆ ಮಾರಿದ ದುಡ್ಡಲ್ಲಿ ಈ ಲ್ಯಾಪ್‌ಟಾಪ್ ಕೊಡಿಸಿದ್ದು. ಊಟಕ್ಕೆ ಕೂತಾಗ "ಎಂಥ ಕಲ್ತೆ ಇವತ್ತು?" ಅಂತ ಕೇಳುತ್ತಾರೆ. ಇವತ್ತೂ ಕೇಳಿದರು. ಕೆಂಪು ಗೆರೆ ಎಳೆದ ಹಾಳೆ ತೋರಿಸಲು ಮನಸ್ಸಾಗಲಿಲ್ಲ. ಕರೆಂಟ್ ಇತ್ತು, ಲ್ಯಾಪ್‌ಟಾಪ್ ತೆಗೆದು 200ರ ಎಲಿಪ್ಸ್ ತೋರಿಸಿದೆ. ಕೈ ತೊಳೆದು ಬಂದು, ಹತ್ತಿರ ಕೂತು, ಮೊದಲು ಯಾಕೆ ಕೋಲಿನ ಹಾಗೆ ಬಂದಿತ್ತು ಅಂತ ಪೂರ್ತಿ ಕೇಳಿದರು.