ಕಾಯ್ದೆಯ ಅಳತೆಗೆ ಸಿಗದ ಏರಿ

ಚಿತ್ರದುರ್ಗ ಬರದ ಜಿಲ್ಲೆ ಎಂಬುದು ಕಡತಗಳಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಹಳ್ಳದ ನೆರೆ ತಡೆಯಲೆಂದು ಹಿಂದಿನವರು ಕಟ್ಟಿದ ಮಣ್ಣಿನ ಒಡ್ಡು, ಅಂದರೆ ಏರಿ, ತಾನೇಕೆ ಇಲ್ಲಿದ್ದೇನೆಂದು ಸಮಜಾಯಿಷಿ ಕೊಡಬೇಕಾಗಿ ಬಂದಿದೆ. ಮಳೆಯಿಲ್ಲದ ವರ್ಷ ದುರಸ್ತಿ ಕೇಳಿದರೆ, ನೀರೇ ಇಲ್ಲದ ಒಡ್ಡಿಗೆ ಅಪಾಯವೆಲ್ಲಿಯದು ಎನ್ನುತ್ತಾರೆ ಅಧಿಕಾರಿಗಳು. ಮಳೆಯಾದ ವರ್ಷ ಕೇಳಿದರೆ, ನೀರು ನಿಂತಿರುವಾಗ ಕಾಮಗಾರಿ ಹೇಗೆ ಸಾಧ್ಯ ಎನ್ನುತ್ತಾರೆ.

ಒಡೆತನದ ಪ್ರಶ್ನೆ ಇನ್ನೂ ಸ್ವಾರಸ್ಯಕರ. ಅಚ್ಚುಕಟ್ಟು, ಅಂದರೆ ನೀರುಣ್ಣುವ ಜಮೀನು, 40 ಹೆಕ್ಟೇರ್ ಮೀರಿದ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಚಿಕ್ಕದು ಪಂಚಾಯಿತಿಯದು. ಅಚ್ಚುಕಟ್ಟೇ ಇಲ್ಲದ ಒಡ್ಡನ್ನು ಇಬ್ಬರೂ ವಿನಯದಿಂದ ಪರಸ್ಪರ ಬಿಟ್ಟುಕೊಡುತ್ತಾರೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯಾದರೂ 15 ಮೀಟರಿಗಿಂತ ಎತ್ತರದವನ್ನು ಮತ್ತು ಕೆಲವು ಷರತ್ತು ಪೂರೈಸಿದ 10ರಿಂದ 15 ಮೀಟರಿನವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದರಿಂದ, 9 ಮೀಟರಿನ ಏರಿ ಒಡೆದರೆ ಕೆಳಗಿನ ಊರಿನವರು ಕಾಯ್ದೆಯ ಹೊರಗೇ ಮುಳುಗಬೇಕು.

ಹಾಗೆಂದು ಏರಿಯನ್ನು ಮರೆತಿದ್ದಾರೆ ಎನ್ನಲಾಗದು. ವನಮಹೋತ್ಸವದಲ್ಲಿ ಅದರ ಮೈಮೇಲೆ ಸಸಿ ನೆಟ್ಟಿದ್ದಾರೆ. ಉಳಿದ ಜಾಗವನ್ನು ಬಳ್ಳಾರಿ ಜಾಲಿ ಅನುದಾನ ಕೇಳದೆ ತುಂಬಿದೆ. ಬೇರು ಕೊಳೆತ ಕಡೆ ನೀರು ದಾರಿ ಮಾಡಿಕೊಳ್ಳುತ್ತದೆಂದು ಕೆರೆಯ ನೀರು ನೋಡಿಕೊಳ್ಳುತ್ತಿದ್ದ ಹಳೆಯ ನೀರುಗಂಟಿಗಳು ಏರಿಯ ಮೇಲಿನ ಗಿಡಗಳನ್ನು ಎಳೆಯದರಲ್ಲೇ ಕೀಳುತ್ತಿದ್ದರು. ಪಾಪ, ಅವರಿಗೆ ಪರಿಸರ ಪ್ರಜ್ಞೆ ಇರಲಿಲ್ಲ. ಏರಿಯ ಹಿಂಬದಿಯ ಬುಡದಲ್ಲಿ, ಹೆಗ್ಗಣದ ಬಿಲದ ಪಕ್ಕದಲ್ಲಿ, ನೀರು ಜಿನುಗುತ್ತದೆ. ತಿಳಿಯಾಗಿ ಜಿನುಗಿದರೆ ಕಾದು ನೋಡಬಹುದು. ಕೆಂಪಗೆ ಬಂದರೆ ಏರಿಯ ಒಳಗಿನ ಮಣ್ಣೇ ಹೊರಟಿದೆಯೆಂದು ಅರ್ಥ. ಅದು ಕೆಂಪಗೆ ಬಂದ ದಿನವೇ ಬಾಗಿನದ ಕಾರ್ಯಕ್ರಮವಿತ್ತು, ಮತ್ತು ಗಣ್ಯರ ವಾಹನಗಳೆಲ್ಲ ‘ಭಾರಿ ವಾಹನಗಳಿಗೆ ಪ್ರವೇಶವಿಲ್ಲ’ ಎಂಬ ಫಲಕವನ್ನು ದಾಟಿ ಏರಿಯ ಮೇಲೆಯೇ ಸಾಲಾಗಿ ನಿಂತಿದ್ದವು.

ತುಂಬಿ ಹೆಚ್ಚಾದ ನೀರು ಹೊರಹೋಗುವ ಕೋಡಿಯ ಹಳ್ಳದಲ್ಲೀಗ ಅಡಿಕೆ ತೋಟವಿದೆ. ವರ್ಷಗಟ್ಟಲೆ ನೀರು ಹರಿಯದ ಜಾಗ ವ್ಯರ್ಥವಾಗಬಾರದೆಂಬುದು ತೋಟದವರ ವಾದ. ಇದೇ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದು, ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಬಳಿಕ, 2022ರಲ್ಲಿ. ಅಷ್ಟು ಕಾಲ ಕೋಡಿಯನ್ನು ಖಾಲಿ ಬಿಟ್ಟದ್ದು ಎಂಥ ದುಂದುವೆಚ್ಚ! ನಮ್ಮವರ ದಕ್ಷತೆ ಅಲ್ಲಿರಲಿಲ್ಲ.

ಕಾಯುವುದರಲ್ಲಿ ಜಾಣತನವೂ ಉಂಟು. ಒಡೆಯುವ ಮುನ್ನ ಜಾಲಿ ಕಡಿದು ಬಿಲ ಮುಚ್ಚುವುದು ನಿರ್ವಹಣೆ, ಅದಕ್ಕೆ ಅನುದಾನವಿಲ್ಲ; ಒಡೆದ ಮೇಲೆ ಅದು ಪ್ರಕೃತಿ ವಿಕೋಪ, ಅದಕ್ಕೆ ಪರಿಹಾರ ನಿಧಿಯೇ ಇದೆ, ಸಚಿವರ ಭೇಟಿಯೂ ಉಂಟು.